ಕಾಣದೆ ಬಂದ ಸರೋವರಗಳು

ನಮ್ಮ ಉಣಕಲ್ಲಿನ ಕೆರೆಯ ದಂಡೆಗುಂಟ ಮುಂಜಾನೆ ತಿರುಗಾಡಲು ಬರುವವರಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದವರು ವಿರಳ. 2023ರ ಶ್ರಾವಣದಲ್ಲಿ ನಾನು ಕಾಶ್ಮೀರದಿಂದ ಹಿಂದಿರುಗಿದ ಮೇಲೆ ಅವರೆಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಟೀಚರ್ ಅಕ್ಕಾರ, ಹಿಮಾಲಯದ ಸರೋವರ ಹೆಂಗಿದ್ದುವ್ರಿ?" ನಾನು ಕೊಡುತ್ತಿದ್ದ ಉತ್ತರವೂ ಒಂದೇ: "ಏನ್ ಮಾಡೋದ್ರಿ, ಮಳಿ ಅಡ್ಡ ಬಂತು. ನೋಡಲಿಕ್ಕೆ ಆಗಲಿಲ್ಲ."

ಸರೋವರಗಳನ್ನು ನೋಡಲಿಲ್ಲವೆಂಬುದು ನಿಜ. ಮಳೆ ಅಡ್ಡ ಬಂದಿತೆಂಬುದು ಸುಳ್ಳು. ಮೂವತ್ತು ವರುಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರೆಂದು ಬೋಧಿಸಿದ ಶಿಕ್ಷಕಿಯಾದ ನಾನು ಹತ್ತು ತಿಂಗಳ ಕಾಲ ಆ ಸುಳ್ಳನ್ನು ಹೇಳಿದೆನು. ಅದು ಹೇಗೆ ಹುಟ್ಟಿತು, ಹೇಗೆ ಕಳಚಿತು ಎಂಬುದನ್ನು ನಮ್ಮ ಪತ್ರಿಕೆಯ ಓದುಗ ಬಂಧುಗಳೆದುರು ಬಿಚ್ಚಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸಿದವಳು. ಪ್ರತಿವರುಷವೂ ಗೋಡೆಯ ಮೇಲೆ ಭಾರತದ ಭೂಪಟವನ್ನು ತೂಗುಹಾಕಿ, ಕೋಲಿನ ತುದಿಯಿಂದ ಹಿಮಾಲಯದ ಸಾಲನ್ನು ತೋರಿಸುತ್ತಿದ್ದೆ. ಆದರೆ ಆ ಪರ್ವತವನ್ನು ಕಣ್ಣಾರೆ ಕಂಡವಳಲ್ಲ. ಕಾಶ್ಮೀರವೆಂದರೆ ನಮಗೆ ಇನ್ನೊಂದು ನೆನಪೂ ಉಂಟು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಕೊಂಡರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ದಂಪತಿಗಳು ಬಿಟ್ಟುಬಂದ ನಾಡು ಎಂತಹದಿರಬಹುದೆಂಬ ಕುತೂಹಲ ಬಾಲ್ಯದಿಂದಲೂ ನನ್ನಲ್ಲಿತ್ತು.

ನಿವೃತ್ತಿಯಾದ ಬಳಿಕ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿರುವ ಮಗಳು ಒಂದು ಯೋಜನೆ ತಂದಳು. ಶ್ರೀನಗರದಿಂದ ಸುಮಾರು 80 ಕಿಲೋಮೀಟರ್ ದೂರದ ಸೋನಮರ್ಗದಿಂದ ಹೊರಟು, ವಿಷನ್‌ಸರ್, ಕಿಷನ್‌ಸರ್, ಗಡ್‌ಸರ್, ಸತ್‌ಸರ್, ನುಂದ್‌ಕೋಲ್, ಗಂಗಾಬಲ್ ಸರೋವರಗಳನ್ನು ನೋಡಿಕೊಂಡು ನಾರಾನಾಗ್ ಎಂಬ ಊರಿಗೆ ಇಳಿಯುವುದು. ಸುಮಾರು 70 ಕಿಲೋಮೀಟರ್ ನಡಿಗೆ; ಒಂದು ವಾರದ ದಾರಿ. ಮಾರ್ಗದರ್ಶಿ, ಅಡುಗೆಯವರು, ಡೇರೆ, ಸಾಮಾನು ಹೊರುವ ಕುದುರೆಗಳು ಎಲ್ಲವೂ ಸಂಘಟಕರವು. ನನಗಾಗ ಐವತ್ತೊಂಬತ್ತು ವರುಷ. ಯಜಮಾನರು, "ಈ ವಯಸ್ಸಿನ್ಯಾಗ ಇದೇನು ಹುಚ್ಚು?" ಎಂದರು. ನಾನು ಉತ್ತರಿಸದೆ ಮರುದಿನದಿಂದಲೇ ಕೆರೆಯ ದಂಡೆಯ ನಡಿಗೆಯನ್ನು ಎರಡು ಪಟ್ಟು ಮಾಡಿದೆ. ನೃಪತುಂಗ ಬೆಟ್ಟವನ್ನು ಬೆನ್ನಿಗೆ ಚೀಲ ಕಟ್ಟಿಕೊಂಡು ದಿನಕ್ಕೆ ಮೂರು ಸಲ ಹತ್ತಿ ಇಳಿದೆ. ನಾಲ್ಕು ತಿಂಗಳಲ್ಲಿ ಏಳು ಕಿಲೋ ತೂಕ ಇಳಿಯಿತು. ಡಾಕ್ಟರರು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರು.

ಸುದ್ದಿ ಊರೆಲ್ಲ ಹರಡಿತು. ನಮ್ಮ ಅಕ್ಕನ ಬಳಗದ ತಾಯಂದಿರು ಸಭೆ ಸೇರಿಸಿ, ಶಾಲು ಹೊದಿಸಿ, ಆರತಿ ಎತ್ತಿದರು. ತಿರುಗಿ ಬಂದ ಮೇಲೆ ಸರೋವರಗಳ ಕುರಿತು ಉಪನ್ಯಾಸ ನೀಡಬೇಕೆಂದು ಶ್ರಾವಣದ ಒಂದು ಸೋಮವಾರವನ್ನು ಗೊತ್ತುಪಡಿಸಿಯೂ ಬಿಟ್ಟರು. ಹೊರಡುವ ದಿನ ಸಿದ್ಧಪ್ಪಜ್ಜನ ಗುಡಿಗೆ ಹೋಗಿ ಕೈಮುಗಿದು ಬಂದೆ. ಹೋಗುವ ಮೊದಲೇ ಸನ್ಮಾನ ಪಡೆದುದು ಎಂತಹ ಹೊರೆಯೆಂಬುದು ನನಗೆ ಆಗ ಹೊಳೆಯಲಿಲ್ಲ.

ಆಗಸ್ಟ್ ತಿಂಗಳಲ್ಲಿ ದಿಲ್ಲಿಯ ಮಾರ್ಗವಾಗಿ ಶ್ರೀನಗರ ತಲುಪಿ, ಅಲ್ಲಿಂದ ಸಿಂಧ್ ಹೊಳೆಯ ದಂಡೆಗುಂಟ ಸೋನಮರ್ಗಕ್ಕೆ ಹೋದೆವು. ಈ ಸಿಂಧ್ ಭೂಪಟದ ಮಹಾಸಿಂಧು ನದಿಯಲ್ಲ, ಝೀಲಂ ನದಿಯ ಉಪನದಿ. ನಾನು ಇದನ್ನು ಸಹಪ್ರಯಾಣಿಕರಿಗೆ ವಿವರಿಸಿದಾಗ ಅವರೆಲ್ಲ ನನ್ನನ್ನು "ಟೀಚರ್ ಆಂಟಿ" ಎಂದು ಕರೆಯತೊಡಗಿದರು. ಹದಿನಾರು ಜನರ ತಂಡದಲ್ಲಿ ನಾನೇ ಹಿರಿಯಳು. ಆ ಹೆಸರೂ ನನ್ನ ಬಿಗುಮಾನಕ್ಕೆ ಇನ್ನಷ್ಟು ಗೊಬ್ಬರವಾಯಿತು.

ಅಂದು ಸಂಜೆ ಮಾರ್ಗದರ್ಶಿ ನಮ್ಮೆಲ್ಲರನ್ನೂ ಸುತ್ತ ಕೂಡಿಸಿಕೊಂಡು ಪಾಠವನ್ನೇ ಹೇಳಿದನು. ಅವನು ಆ ಸೀಮೆಯವನೇ ಆದ ಯುವಕ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. ಅವನು ಹೇಳಿದ ಸಾರ ಇಷ್ಟು: ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ, ಎಲ್ಲೆಡೆಯೂ ನೂರಕ್ಕೆ 21ರಷ್ಟೇ ಇರುತ್ತದೆ, ಕಡಿಮೆಯಾಗುವುದು ಗಾಳಿಯ ಒತ್ತಡ. ಆದ್ದರಿಂದ ಪ್ರತಿ ಉಸಿರಿನಲ್ಲೂ ದೇಹಕ್ಕೆ ದೊರೆಯುವ ಆಮ್ಲಜನಕ ಕಡಿಮೆ. ಹನ್ನೊಂದೂವರೆ ಸಾವಿರ ಅಡಿಯಲ್ಲಿ ಕಡಲಮಟ್ಟದ ಮೂರನೆಯ ಎರಡು ಪಾಲು ಮಾತ್ರ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಒಗ್ಗದಿದ್ದರೆ ಮೊದಲು ತಲೆನೋವು, ಅನ್ನ ಸೇರದಿರುವಿಕೆ, ವಾಕರಿಕೆ. ಮುಂದುವರಿದರೆ ಪುಪ್ಪುಸದಲ್ಲಿ ಅಥವಾ ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯ. ಗಟ್ಟಿಮುಟ್ಟಾದವರಿಗೆ ಬಾರದು, ಮುದುಕರಿಗೆ ಬರುವುದು ಎಂಬ ನಿಯಮವಿಲ್ಲ. ಇದಕ್ಕೆ ಖಚಿತವಾದ ಮದ್ದು ಒಂದೇ, ಕೆಳಗೆ ಇಳಿಯುವುದು. ಕೊನೆಯಲ್ಲಿ ಅವನು ಕೈಮುಗಿದು, "ತಲೆನೋವು ಬಂದರೆ ನನಗೆ ಹೇಳಿರಿ. ಹೇಳದೆ ಮಾತ್ರೆ ನುಂಗಬೇಡಿರಿ" ಎಂದನು.

ಆ ಮಾತು ಮುಗಿಯುವ ವೇಳೆಗಾಗಲೇ ನನ್ನ ತಲೆ ಸಣ್ಣಗೆ ಸಿಡಿಯುತ್ತಿತ್ತು.

ನಮ್ಮ ಹುಬ್ಬಳ್ಳಿ ಕಡಲಮಟ್ಟದಿಂದ ಎರಡು ಸಾವಿರದ ಇನ್ನೂರು ಅಡಿಯ ಆಸುಪಾಸಿನಲ್ಲಿದೆ. ಸೋನಮರ್ಗ ಒಂಬತ್ತು ಸಾವಿರ ಅಡಿಯ ಸಮೀಪ. ನೃಪತುಂಗ ಬೆಟ್ಟವನ್ನು ನೂರು ಸಲ ಹತ್ತಿದರೂ ಕಾಲಿಗೆ ಬಲ ಬಂದೀತೇ ಹೊರತು ರಕ್ತಕ್ಕೆ ಆ ಎತ್ತರದ ಅಭ್ಯಾಸವಾಗದು. ಇದನ್ನು ಅರಿಯಬಲ್ಲಷ್ಟು ವಿದ್ಯೆ ನನಗಿತ್ತು. ಆದರೂ ಪ್ರಯಾಣದ ದಣಿವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಕತ್ತಲೆಯಲ್ಲಿ ಒಂದು ಮಾತ್ರೆ ನುಂಗಿ ಮಲಗಿದೆ. ಮಗಳಿಗೂ ಹೇಳಲಿಲ್ಲ.

ಮರುದಿನ ಬೆಳಗಿನ ಜಾವ ಡೇರೆಯೊಳಗೆ ಪೂಜೆಗೆ ಕುಳಿತೆ. ಅಂಗೈಯಲ್ಲಿನ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಲೊಲ್ಲದು. ಕೈ ನಡುಗುತ್ತಿತ್ತು. ಚಳಿಯೆಂದು ಕೊಂಡೆ. ಮಗಳಿಗೆ, ಮಾರ್ಗದರ್ಶಿಗೆ ಮರೆಮಾಚಿದ್ದು ಅಲ್ಲಿ ಮರೆಯಾಗಲಿಲ್ಲವೆಂದು ಈಗ ಅನಿಸುತ್ತದೆ.

ಅಂದಿನ ನಡಿಗೆ ಹುಲ್ಲುಗಾವಲು, ದೇವದಾರು ಜಾತಿಯ ಮರಗಳು, ಆ ಮೇಲೆ ಭೂರ್ಜವೃಕ್ಷಗಳ ತೋಪುಗಳ ನಡುವೆ. ಹಿಂದಿನ ಕಾಲದಲ್ಲಿ ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆಯುತ್ತಿದ್ದುದು ಇದೇ ಭೂರ್ಜದ ತೊಗಟೆಯ ಮೇಲೆ. ಕಾಗದದಂತೆ ಸುಲಿದು ಗಾಳಿಗೆ ತೂಗಾಡುತ್ತಿದ್ದ ಆ ತೊಗಟೆಯನ್ನು ಮುಟ್ಟಿ ನೋಡಬೇಕೆಂದು ಎಷ್ಟೋ ಕಾಲದಿಂದ ಆಸೆಪಟ್ಟಿದ್ದೆ. ಎದುರಿಗೆ ಬಂದಾಗ ಕೈಚಾಚುವಷ್ಟು ಉತ್ಸಾಹವೂ ಉಳಿದಿರಲಿಲ್ಲ. ಹೆಜ್ಜೆಗೊಮ್ಮೆ ನಿಂತು, "ಚಿತ್ರ ತೆಗೆಯುತ್ತೇನೆ" ಎಂದು ನೆಪ ಹೇಳಿ ಉಸಿರು ಹಿಡಿಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ನಿಚನಾಯಿ ಎಂಬಲ್ಲಿ, ಸುಮಾರು ಹನ್ನೊಂದೂವರೆ ಸಾವಿರ ಅಡಿಯ ಮೇಲೆ, ಬಿಡಾರ ಹೂಡಿದರು. ಮರುದಿನ ಹದಿಮೂರು ಸಾವಿರ ಅಡಿಗೂ ಎತ್ತರದ ನಿಚನಾಯಿ ಘಟ್ಟದ ನೆತ್ತಿಯನ್ನು ದಾಟಿದರೆ ಆಚೆಗೆ ವಿಷನ್‌ಸರ್, ಮೊದಲ ಸರೋವರ. ಊಟಕ್ಕೆ ಬಿಸಿ ರೊಟ್ಟಿ, ಬೇಳೆಸಾರು ಬಂತು. ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ಪ್ರಸಾದದ ಅಗುಳೂ ಕೆಡದಂತೆ ತಟ್ಟೆ ತೊಳೆದು ಕುಡಿಯುವ ಮನೆತನದಲ್ಲಿ ಬೆಳೆದ ನಾನು, ಯಾರೂ ನೋಡದಾಗ ರೊಟ್ಟಿಯನ್ನು ಡೇರೆಯ ಹಿಂದಿದ್ದ ನಾಯಿಗೆ ಹಾಕಿದೆ. ಯಾರೂ ನೋಡಲಿಲ್ಲವೆಂದು ತಿಳಿದಿದ್ದೆ. ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದ ಕುದುರೆಯಾತ ನೋಡಿದ್ದನು.

ಸಂಜೆ ಮಾರ್ಗದರ್ಶಿ ಬೆರಳಿಗೆ ಆಮ್ಲಜನಕ ಅಳೆಯುವ ಉಪಕರಣವನ್ನು ಸಿಕ್ಕಿಸುತ್ತ ಬಂದನು. ಉಳಿದವರದೆಲ್ಲ 85ರ ಮೇಲಿತ್ತು. ಕೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು, ಆಳವಾಗಿ ಉಸಿರೆಳೆದು ಬೆರಳು ಚಾಚಿದೆ. 74 ಎಂದು ತೋರಿತು. "ಅಮ್ಮಾ, ತಲೆನೋವಿದೆಯೇ?" ಎಂದನು. "ಇಲ್ಲ" ಎಂದೆ. ಅವನು ವಾದಿಸಲಿಲ್ಲ. ಹುಲ್ಲಿನ ಮೇಲೊಂದು ಹಗ್ಗವನ್ನು ನೇರವಾಗಿ ಹಾಸಿ, ಹಿಮ್ಮಡಿಗೆ ಕಾಲ್ಬೆರಳು ತಾಗುವಂತೆ ಅದರ ಮೇಲೆ ನಡೆಯಲು ಹೇಳಿದನು. ನಾಲ್ಕನೆಯ ಹೆಜ್ಜೆಗೆ ನಾನು ಪಕ್ಕಕ್ಕೆ ವಾಲಿ ಮಗಳ ತೋಳಿನ ಮೇಲೆ ಬಿದ್ದೆ.

"ಈಗಲೇ ಇಳಿಯಬೇಕು. ಬೆಳಗಿನವರೆಗೆ ಕಾಯುವಂತಿಲ್ಲ" ಎಂದನು ಅವನು. ನಾನು ಬೇಡಿಕೊಂಡೆ. ರಾತ್ರಿ ಮಲಗಿದರೆ ಸರಿಹೋದೀತೆಂದೆ. ಸನ್ಮಾನದ, ಉಪನ್ಯಾಸದ ಮಾತನ್ನೂ ಆಡಿದೆನೆಂದು ಮಗಳು ಆ ಮೇಲೆ ಹೇಳಿದಳು, ನನಗೆ ನೆನಪಿಲ್ಲ. ಅವನು ನನ್ನ ಕೈಹಿಡಿದು, ಮಗ ತಾಯಿಗೆ ಹೇಳುವಂತೆ, "ನಾಳೆ ಆ ಘಟ್ಟ ದಾಟಿದ ಮೇಲೆ ನಿಮ್ಮ ಸ್ಥಿತಿ ಕೆಟ್ಟರೆ, ಇಳಿಯಬೇಕೆಂದರೂ ಮತ್ತೆ ಆ ಘಟ್ಟವನ್ನು ಹತ್ತಿಯೇ ಇಳಿಯಬೇಕು. ಆಗ ನನ್ನ ಕೈಯಲ್ಲಿ ಏನೂ ಇರದು" ಎಂದನು. ಅದರೆದುರು ನನ್ನ ಯಾವ ಮಾತೂ ನಿಲ್ಲಲಿಲ್ಲ.

ಮಗಳು ತನ್ನ ಚೀಲವನ್ನೂ ಕಟ್ಟಿದಳು. ನೀನು ಮುಂದೆ ಹೋಗೆಂದು ನಾನು ಹೇಳಿದ್ದು ಬಾಯಿಮಾತಿಗೆ ಮಾತ್ರ. ಎರಡು ವರುಷದಿಂದ ರಜೆ ಕೂಡಿಟ್ಟು, ಇಬ್ಬರ ಹಣವನ್ನೂ ತಾನೇ ತುಂಬಿದ್ದವಳು, ಒಂದು ಮಾತನ್ನೂ ಆಡದೆ ನನ್ನೊಡನೆ ಕೆಳಗೆ ಬಂದಳು. ಹಾಗೆ ನನ್ನ ಬಿಗುಮಾನವು ನನ್ನ ಸರೋವರಗಳನ್ನಷ್ಟೇ ಅಲ್ಲ, ಅವಳವನ್ನೂ ಕಸಿದುಕೊಂಡಿತು. ಸೋನಮರ್ಗದಲ್ಲಿಯೇ ಬಾಯಿಬಿಟ್ಟಿದ್ದರೆ ಅಲ್ಲಿ ಒಂದೆರಡು ದಿನ ನಿಂತು ಒಗ್ಗಿಸಿಕೊಳ್ಳಲಾಗುತ್ತಿತ್ತೋ ಏನೋ; ನಾನೊಬ್ಬಳೇ ಅಲ್ಲಿ ಉಳಿದು ಅವಳನ್ನಾದರೂ ನೆಮ್ಮದಿಯಿಂದ ಕಳಿಸಬಹುದಿತ್ತು.

ನನ್ನನ್ನು ಕುದುರೆಯ ಮೇಲೆ ಕೂಡಿಸಿ, ಕುದುರೆಯಾತನೂ ಒಬ್ಬ ಸಹಾಯಕನೂ ಬ್ಯಾಟರಿಯ ಬೆಳಕಿನಲ್ಲಿ ಇಳಿಸತೊಡಗಿದರು. ಕಡಿದಾದ ಕಡೆಗಳಲ್ಲಿ ಕುದುರೆಯಿಂದಿಳಿಸಿ ಕೈಹಿಡಿದು ನಡೆಸಿದರು. ನಮ್ಮಿಂದ ಅವನಿಗೆ ಆದ ತೊಂದರೆಗೆ ನಾನು ಕ್ಷಮೆ ಬೇಡಿದಾಗ ಅವನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ತೊಂದರೆ ಏನಿಲ್ಲ, ಅಮ್ಮಾ. ಕುದುರೆಗೆ ಬಾಯಿಲ್ಲ. ಅದಕ್ಕೆ ಎಲ್ಲಿ ನೋವೆಂದು ನಾನೇ ಹುಡುಕಬೇಕು. ನಿಮಗೆ ದೇವರು ಬಾಯಿ ಕೊಟ್ಟಿದ್ದಾನಲ್ಲ!"

ರಾತ್ರಿ ಹತ್ತರ ಸುಮಾರಿಗೆ, ಭೂರ್ಜದ ತೋಪಿನ ಕೆಳಗೆ, ಬೇಸಿಗೆಯಲ್ಲಿ ಕುರಿ ಮೇಯಿಸಲು ಬೆಟ್ಟಕ್ಕೆ ಬರುವ ಗುಜ್ಜರರ ಒಂದು ಮಣ್ಣಿನ ಕೊಟ್ಟಿಗೆಯಲ್ಲಿ ತಂಗಿದೆವು. ಆ ಮನೆಯ ಹೆಣ್ಣುಮಗಳು ತನ್ನ ಹಾಸಿಗೆಯನ್ನೇ ನನಗೆ ಬಿಟ್ಟುಕೊಟ್ಟು, ಉಪ್ಪು ಹಾಕಿದ ಚಹ ಕುಡಿಸಿದಳು. ನಮ್ಮ ಭಾಷೆ ಅವಳಿಗೆ ಬಾರದು, ಅವಳದು ನಮಗೆ ತಿಳಿಯದು. ದಾಸೋಹವೆಂಬ ಶಬ್ದವನ್ನು ಅವಳು ಎಂದೂ ಕೇಳಿರಲಾರಳು. ಬೆಳಗಾಗುವಷ್ಟರಲ್ಲಿ ತಲೆನೋವು ಅರ್ಧ ಇಳಿದಿತ್ತು. ಸೋನಮರ್ಗ ಮುಟ್ಟಿದಾಗ ಹಸಿವಾಯಿತು. ಇಳಿಯುವುದೇ ಮದ್ದೆಂಬುದು ಅಷ್ಟು ದಿಟ!

ಊರಿಗೆ ಬಂದೆವು. ಅಕ್ಕನ ಬಳಗದವರು ಕೇಳಿದಾಗ ಮಳೆಯ ಕಥೆ ತಾನಾಗಿಯೇ ನಾಲಿಗೆಗೆ ಬಂತು. ಮಗಳು ಅದನ್ನು ಕೇಳಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಉಪನ್ಯಾಸವನ್ನು ಆರೋಗ್ಯದ ನೆಪ ಹೇಳಿ ತಪ್ಪಿಸಿಕೊಂಡೆ. ಬೆಟ್ಟದ ಮೇಲೆ ನೋವನ್ನು ಮುಚ್ಚಿಟ್ಟೆ, ಊರಲ್ಲಿ ಮುಚ್ಚಿಟ್ಟುದನ್ನೇ ಮುಚ್ಚಿಟ್ಟೆ.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದಿಂದ ಆ ಸುದ್ದಿ ಬಂತು. ಉತ್ತರಕಾಶಿಯ ಮೇಲ್ಭಾಗದ ಸಹಸ್ತ್ರತಾಲ್ ಎಂಬ ಸರೋವರಗಳಿಗೆ ಚಾರಣ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತ್ತು. ಮೂವರು ಸ್ಥಳೀಯ ಮಾರ್ಗದರ್ಶಿಗಳನ್ನು ಬಿಟ್ಟರೆ ಬಹುಪಾಲು ನಮ್ಮ ಕರ್ನಾಟಕದವರು. ಆ ಗಾಳಿಯಲ್ಲಿ ನಮ್ಮ ರಾಜ್ಯದಿಂದ ಹೋಗಿದ್ದ ಒಂಬತ್ತು ಜನ ತೀರಿಕೊಂಡರು. ವಾಯುಸೇನೆಯ ಹೆಲಿಕಾಪ್ಟರುಗಳೂ ರಕ್ಷಣಾಪಡೆಯವರೂ ಉಳಿದ ಹದಿಮೂರು ಜನರನ್ನು ಕೆಳಗೆ ತಂದರು. ನಮ್ಮ ರಾಜ್ಯದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಹೋಗಿ ನಿಂತು ಅವರನ್ನು ಕರೆತರುವ ಏರ್ಪಾಡು ಮಾಡಿದರು.

ಪತ್ರಿಕೆಯಲ್ಲಿ ಬಂದ ಆ ಮುಖಗಳನ್ನು ಬಹಳ ಹೊತ್ತು ನೋಡಿದೆ. ಹಲವರು ಐವತ್ತು ದಾಟಿದವರು. ನನ್ನಂತೆಯೇ ಮನೆ, ಮಕ್ಕಳು, ಉದ್ಯೋಗ ನೋಡಿಕೊಂಡು, ಕಡೆಗೊಮ್ಮೆ ಪರ್ವತದ ನೀರನ್ನು ಕಾಣಬೇಕೆಂದು ಹೊರಟವರು. ಅವರ ಪೈಕಿ ಯಾರೂ ಏನನ್ನೂ ಮುಚ್ಚಿಟ್ಟವರಲ್ಲ. ಅವರಿಗೆ ಅಡ್ಡ ಬಂದದ್ದು ನಿಜವಾದ ಹವಾಮಾನ. ನಾನು ಹತ್ತು ತಿಂಗಳಿಂದ ಊರೆಲ್ಲ ಹೇಳಿಕೊಂಡು ತಿರುಗಿದ ನೆಪವೇ ಅವರ ಪಾಲಿಗೆ ಮೃತ್ಯುವಾಗಿತ್ತು. ನನ್ನನ್ನು ಎಳೆದು ಕೆಳಗಿಳಿಸುವವರಿದ್ದರು, ಇಳಿಯಲು ದಾರಿಯಿತ್ತು. ಅವರಿಗೆ ಆ ಅವಕಾಶವನ್ನು ಗಾಳಿ ಕೊಡಲಿಲ್ಲ. ಜೀವಂತ ತಿರುಗಿ ಬಂದುದನ್ನು ಅವಮಾನವೆಂದು ಭಾವಿಸಿ ಸುಳ್ಳಿನ ಹಿಂದೆ ಅಡಗಿದ್ದ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಆ ವಾರ ಅಕ್ಕನ ಬಳಗದಲ್ಲಿ ಮೃತರಿಗೆ ಶಾಂತಿ ಕೋರಿ ಪ್ರಾರ್ಥನೆಯಿತ್ತು. ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು, ತಲೆನೋವಿನಿಂದ ಹಿಡಿದು ನಾಯಿಗೆ ಹಾಕಿದ ರೊಟ್ಟಿಯವರೆಗೆ ಎಲ್ಲವನ್ನೂ ಹೇಳಿದೆನು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಎಂಬತ್ತು ದಾಟಿದ ಒಬ್ಬ ಅಜ್ಜಿ ಎದ್ದು ಬಂದು ನನ್ನ ತಲೆ ನೇವರಿಸಿ, "ಅವತ್ತು ಹೊದಿಸಿದ ಶಾಲು ಇವತ್ತಿಗೆ ಸಂದಿತವ್ವಾ" ಎಂದಳು. ಕುಳಿತಿದ್ದವರಲ್ಲಿ ಇಬ್ಬರು ತಾಯಂದಿರು ಆ ಮೇಲೆ ನನ್ನನ್ನು ಬದಿಗೆ ಕರೆದು, ಮನೆಯವರಿಗೆ ಹೇಳದೆ ತಾವು ನುಂಗಿಕೊಂಡಿದ್ದ ದೇಹದ ಬಾಧೆಗಳನ್ನು ಹೇಳಿಕೊಂಡರು. ಅವರಿಬ್ಬರನ್ನೂ ಡಾಕ್ಟರರ ಬಳಿಗೆ ಕರೆದೊಯ್ದುದು ನನ್ನ ಉಪನ್ಯಾಸಕ್ಕಿಂತ ಮಿಗಿಲಾದ ಕೆಲಸವಾಯಿತು. ನಮ್ಮ ಹೆಣ್ಣುಮಕ್ಕಳು ನೋವು ಮುಚ್ಚಿಡುವುದನ್ನು ಸಹನೆಯೆಂದು ಹೊಗಳುತ್ತ ಬಂದಿದ್ದೇವೆ. ಅದೆಲ್ಲವೂ ಸಹನೆಯಲ್ಲ.

ಆದರೆ ಪರೀಕ್ಷೆ ಇನ್ನೂ ಉಳಿದಿತ್ತು. ಅದೇ ಆಗಸ್ಟಿನಲ್ಲಿ ಮಗಳು ಮತ್ತೆ ಅದೇ ದಾರಿಗೆ ಹೊರಟು ನಿಂತಳು. ಒಂಬತ್ತು ಜನರ ಸಾವಿನ ಸುದ್ದಿ ಹಸಿಯಾಗಿತ್ತು. ಯಜಮಾನರು ಬೇಡವೆಂದರು, ನೆಂಟರು ಬೇಡವೆಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ತಡೆಯುವೆನೆಂದೇ ಎಲ್ಲರ ನಂಬಿಕೆ. ಒಂದು ರಾತ್ರಿ ನಿದ್ದೆಯಿಲ್ಲದೆ ಕಳೆದೆ. ಹೆತ್ತ ಕರುಳು ಕಟ್ಟಿಹಾಕೆನ್ನುತ್ತಿತ್ತು. ಬೆಳಗ್ಗೆ ಎದ್ದು, "ಹೋಗಿ ಬಾ" ಎಂದೆ. ಒಂದು ದಿನ ಮೊದಲೇ ಸೋನಮರ್ಗ ತಲುಪಿ ಅಲ್ಲಿ ಹೆಚ್ಚಿಗೆ ಒಂದು ರಾತ್ರಿ ಕಳೆಯಬೇಕು. ಮಾರ್ಗದರ್ಶಿ ನಿಲ್ಲೆಂದಲ್ಲಿ ನಿಲ್ಲಬೇಕು, ತಿರುಗೆಂದಲ್ಲಿ ತಿರುಗಬೇಕು. ತಲೆ ನೋಯ್ದರೆ ಬಾಯಿಬಿಡಬೇಕು. ಅವಳು ನಕ್ಕು, "ನಿನ್ನಂಗ ಮಾಡಂಗಿಲ್ಲಬೇ ಅವ್ವಾ" ಎಂದಳು. ಆ ಮಾತು ನನಗೆ ನೋವಾಗಲಿಲ್ಲ, ಸಮಾಧಾನವಾಯಿತು.

ಅವಳು ಎಲ್ಲವನ್ನೂ ನೋಡಿ ಬಂದಳು. ವಿಷನ್‌ಸರ್ ಬೆಳಗಿನ ಹೊತ್ತು ಗಾಳಿಯಿಲ್ಲದಾಗ ಬೆಟ್ಟಗಳನ್ನು ತಲೆಕೆಳಗಾಗಿ ಹಿಡಿದಿಡುತ್ತದೆಯಂತೆ. ಅದರ ಮೇಲ್ಗಡೆ ಕಿಷನ್‌ಸರ್. ಇವೆರಡರ ನೀರು ಹರಿದು ಕಿಷನ್‌ಗಂಗಾ ನದಿಯಾಗುತ್ತದೆ. ಹದಿಮೂರು ಸಾವಿರದ ಎಂಟುನೂರು ಅಡಿಯ ಸಮೀಪವಿರುವ ಗಡ್‌ಸರ್ ಘಟ್ಟದ ಮೇಲೆ ನಿಂತು ಹಿಂತಿರುಗಿ ನೋಡಿದರೆ ಎರಡೂ ಸರೋವರಗಳು ಒಟ್ಟಿಗೆ ಕಾಣುತ್ತವೆ. ಆಚೆಗೆ ಇಳಿದರೆ ಗಡ್‌ಸರಿನ ಹೂವಿನ ಕಣಿವೆ. ಸತ್‌ಸರ್ ಎಂದರೆ ಏಳು ಕೊಳಗಳ ಸಾಲು. ಮಳೆಗಾಲ ಕಳೆದಂತೆ ಅವುಗಳಲ್ಲಿ ಕೆಲವು ಬತ್ತುತ್ತವೆ. ಕೊನೆಗೆ 16 ಸಾವಿರ ಅಡಿಗೂ ಎತ್ತರದ ಹರಮುಖ ಪರ್ವತದ ಬುಡದಲ್ಲಿ ಗಂಗಾಬಲ್. ಕಾಶ್ಮೀರದ ಪಂಡಿತರಿಗೆ ಅದು ತಮ್ಮ ಹಿರಿಯರ ಅಸ್ಥಿ ವಿಸರ್ಜಿಸುವ ಪವಿತ್ರ ತೀರ್ಥ. ನಿಂತುಹೋಗಿದ್ದ ಅಲ್ಲಿಯ ಯಾತ್ರೆ 2009ರಲ್ಲಿ ಮತ್ತೆ ಆರಂಭವಾಯಿತು. ಕೆಳಗೆ ನಾರಾನಾಗದಲ್ಲಿ ಭಗ್ನವಾಗಿ ನಿಂತ ಪ್ರಾಚೀನ ಶಿವಾಲಯಗಳು. ಅವನ್ನು ಕಂಡಾಗ ನಮ್ಮೂರಿನ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ನೆನಪಾಯಿತೆಂದು ಹೇಳಿದಳು. ನನ್ನನ್ನು ಇಳಿಸಿದ ಕುದುರೆಯಾತ ಆ ಸಲವೂ ಅವಳಿಗೆ ಸಿಕ್ಕಿದ್ದನು. ಅವಳ ಮುಖ ನೋಡಿದೊಡನೆ, "ಅಮ್ಮ ಹೇಗಿದ್ದಾರೆ?" ಎಂದು ಕೇಳಿದನಂತೆ.

2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ 26 ಜನರ ಹತ್ಯೆಯಾಯಿತು. ಆ ದಿನ ಪ್ರವಾಸಿಗರನ್ನು ಕಾಪಾಡಲು ಮುಂದಾದ ಅಲ್ಲಿಯ ಒಬ್ಬ ಕುದುರೆಯಾತನೂ ಪ್ರಾಣ ತೆತ್ತನೆಂದು ಓದಿದಾಗ ನಾನು ಕಣ್ಣೀರು ತಡೆಯಲಾರದೆ ಹೋದೆ. ಕತ್ತಲೆಯ ಇಳಿಜಾರಿನಲ್ಲಿ ನನ್ನ ಕೈ ಹಿಡಿದಿದ್ದ ಆ ಒರಟು ಅಂಗೈ ನೆನಪಾಯಿತು.

ನನಗೀಗ ಮತ್ತೆ ಅಲ್ಲಿಗೆ ಹೋಗುವ ಆಸೆಯಿಲ್ಲ. ಹೋಗಲಿಲ್ಲವೆಂಬ ಕೊರಗೂ ಇಲ್ಲ. ಮುಂಜಾನೆ ಎಂದಿನಂತೆ ಉಣಕಲ್ಲಿನ ಕೆರೆಯ ದಂಡೆಗೆ ಹೋಗುತ್ತೇನೆ. ನೂರು ವರುಷಕ್ಕೂ ಹಳೆಯದಾದ ನಮ್ಮ ಈ ಕೆರೆಗೆ ಅಂತರಗಂಗೆಯ ಕಾಟವೂ ಉಂಟು, ಊರಿನ ಕೊಳೆನೀರಿನ ಕಾಟವೂ ಉಂಟು. ಆದರೂ ಸೂರ್ಯ ಮೂಡುವ ಹೊತ್ತಿಗೆ, ನಡುನೀರಿನ ವಿವೇಕಾನಂದರ ಪ್ರತಿಮೆಯ ಸುತ್ತ ಅದು ಹೊಳೆಯುತ್ತದೆ. ಮೊನ್ನೆ ಹೊಸಬರೊಬ್ಬರು, "ಟೀಚರ್ ಅಕ್ಕಾರ, ನೀವು ಹಿಮಾಲಯಕ್ಕ ಹೋಗಿದ್ರಂತ. ಸರೋವರ ಹೆಂಗಿದ್ದುವು?" ಎಂದು ಕೇಳಿದರು.

"ನಾ ನೋಡಲಿಲ್ರೀ. ತಲಿ ನೋವು ಮುಚ್ಚಿಟ್ಟೆ, ಅರ್ಧ ದಾರ್ಯಾಗ ಇಳಿಸಿಬಿಟ್ರು" ಎಂದೆನು. ಅವರು ನಕ್ಕರು, ನಾನೂ ನಕ್ಕೆನು. ಇಬ್ಬರೂ ದಂಡೆಗುಂಟ ಮುಂದೆ ನಡೆದೆವು.